ಮೇಲಿನ ಪಿನ್ನು

ಬೇಲಿಯ ಬಾಗಿಲು ದಾಟಿ ಕಾರು ರಸ್ತೆಗೆ ಹೊರಳಿದ್ದೇ ತಡ, ಸದ್ದು ಶುರುವಾಯಿತು. ಸಣ್ಣಗೆ, ಎಳೆದೆಳೆದು, ಹಲಗೆಯ ಮೇಲೆ ಬಳಪ ಅಡ್ಡ ಜಾರಿದ ಹಾಗೆ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ದಾರಿಬದಿಯಲ್ಲಿ ಕೆದಕುತ್ತಿದ್ದ ಕೋಳಿಗಳು ರೆಕ್ಕೆ ಬಡಿದು ಬೇಲಿಯೊಳಗೆ ನುಗ್ಗಿದವು. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ಕಿವಿ ಮೇಸ್ತ್ರಿ ಮಾತ್ರ ಚಹಾದ ಲೋಟವನ್ನು ತುಟಿಯ ಹತ್ತಿರವೇ ಹಿಡಿದುಕೊಂಡು, ಸದ್ದು ದೂರವಾಗುವ ತನಕ ಕಣ್ಣು ಮುಚ್ಚಿ ಕೇಳಿದ. ಕೇಳಿ, ಒಂದು ಗುಟುಕು ಕುಡಿದ. ಇಷ್ಟು ರುಚಿಯಾದ ಚಹಾವನ್ನು ಆ ಮನೆಯಲ್ಲಿ ಅವನು ಎರಡು ವರ್ಷದಿಂದ ಕುಡಿದಿರಲಿಲ್ಲ.

ಎರಡು ವರ್ಷವೆಂದರೆ ಆ ಮನೆಗೆ ಚಿಕ್ಕಳಿಯ ಬಂದು ಸೇರಿದ ಕಾಲ. ಅದಕ್ಕೂ ಹಿಂದಿನ ಹದಿನಾರು ವರ್ಷ ಅಳಿಯನೆಂದರೆ ಮೇಸ್ತ್ರಿ ಒಬ್ಬನೇ. ಪೇಟೆಯ ಗ್ಯಾರೇಜೊಂದರಲ್ಲಿ ಅವನು ಹಿರಿಯ ಕೆಲಸಗಾರ. ಬಾನೆಟ್ಟು ಎತ್ತುವ ಮೊದಲೇ, ಗಾಡಿ ಬಂದು ನಿಲ್ಲುವ ಸದ್ದು ಕೇಳಿ ಅದರ ರೋಗ ಹೇಳುತ್ತಾನೆಂದು ಜನ ಅವನಿಗೆ ಆ ಹೆಸರಿಟ್ಟಿದ್ದರು. ಮಾವ ತೋಟದ ತರಕಾರಿ ಸಾಗಿಸುವ ಈ ಹಳೆಯ ಕಾರಿನ ಟೈರಿಗೆ ಅವನನ್ನು ಬಿಟ್ಟು ಬೇರೆಯವರು ಗಾಳಿ ಹೊಡೆದದ್ದೂ ಇಲ್ಲ. ಆಮೇಲೆ ಚಿಕ್ಕಳಿಯ ಬಂದ. ಬಂದವನು ಯಾವುದಾದರೂ ಆಫೀಸಿನ ಗುಮಾಸ್ತನೋ ಶಾಲೆಯ ಮೇಷ್ಟ್ರೋ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಅವನೂ ಗಾಡಿ ರಿಪೇರಿಯವನೇ! ಗ್ಯಾರೇಜೆಂಬುದಿಲ್ಲ, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಯಾರು ಕರೆದರೆ ಅವರ ಮನೆಯಂಗಳಕ್ಕೆ ಹೋಗಿ, ಮರದ ನೆರಳು ಸಿಕ್ಕರೆ ನೆರಳಲ್ಲಿ, ಇಲ್ಲದಿದ್ದರೆ ಬಿಸಿಲಲ್ಲಿ ಮಲಗಿ ಕೆಲಸ ಮಾಡುವವನು.

ಷಡ್ಡಕರೆಂದ ಮೇಲೆ ಒಬ್ಬರನ್ನೊಬ್ಬರು ಅಳೆದು ನೋಡುವುದು ಇದ್ದದ್ದೇ ಅನ್ನೋಣ. ಮೇಸ್ತ್ರಿಯ ಎದೆಗೆ ಚುಚ್ಚಿದ್ದು ಕೆಲಸದ ವಿಷಯಕ್ಕಿಂತ ಒಂದು ಸಣ್ಣ ಮಾತು. ಮಾವ ಅವನನ್ನು ಮಾತನಾಡಿಸುತ್ತಿದ್ದುದು ಇವತ್ತಿಗೂ 'ನೀವು' ಎಂದೇ. 'ಬನ್ನಿ, ಕೂತ್ಕೊಳ್ಳಿ, ಕೈಕಾಲು ತೊಳ್ಕೊಳ್ಳಿ.' ದೊಡ್ಡಳಿಯನಿಗೆ ಕೊಡುವ ಮರ್ಯಾದೆ ಅದು ಎಂದು ಅವನು ಹದಿನಾರು ವರ್ಷ ಬೀಗಿದ್ದ. ಚಿಕ್ಕಳಿಯ ಬಂದು ಆರು ತಿಂಗಳಾಗುವಷ್ಟರಲ್ಲಿ ಮಾವ ಅವನಿಗೆ, 'ಏ ಮಗಾ, ಆ ಹಗ್ಗ ಹಿಡ್ಕೋ,' ಅಂದುಬಿಟ್ಟಿದ್ದರು. ಅಂದು ಮೇಸ್ತ್ರಿಗೆ ತನ್ನ ಮರ್ಯಾದೆ ಎಂಬುದು ಹೊರಗಿನ ಜಗಲಿಯ ಕುರ್ಚಿಯೆಂದೂ, ಚಿಕ್ಕಳಿಯನಿಗೆ ಸಿಕ್ಕಿರುವುದು ಒಳಮನೆಯ ಜಾಗವೆಂದೂ ಅನ್ನಿಸಿತ್ತು. ಹಾಗೆ ಅನ್ನಿಸಿದ್ದನ್ನು ಯಾರ ಹತ್ತಿರವೂ ಹೇಳಲಾಗದು, ಹೇಳಿದರೆ ನಕ್ಕಾರು.

ಹತ್ತು ದಿನದ ಹಿಂದೆ ಮೇಸ್ತ್ರಿ ಜ್ವರ ಬಂದು ಮಲಗಿದ್ದ. ಮಾವನ ಕಾರಿನ ಬ್ರೇಕ್ ಪ್ಯಾಡು ಸವೆದು ಕಬ್ಬಿಣ ಕೆರೆಯತೊಡಗಿತ್ತು. ಚಿಕ್ಕಳಿಯ ಬಂದು ಅರ್ಧ ದಿನದಲ್ಲಿ ಹೊಸ ಪ್ಯಾಡು ಹಾಕಿಕೊಟ್ಟು ಹೋದನಂತೆ. ಈ ಸುದ್ದಿ ತಂದ ಹೆಂಡತಿ, "ನಿಮಗ್ಯಾಕೆ ಮತ್ತೆ ಮೈ ಸುಡ್ತಿದೆ?" ಎಂದು ಹಣೆ ಮುಟ್ಟಿ ನೋಡಿದ್ದಳು.

ಈ ಭಾನುವಾರ ಇಬ್ಬರನ್ನೂ ಕರೆಸಿದ್ದರಲ್ಲಿ ಇನ್ನೊಂದು ವಿಷಯವಿತ್ತು. ರಸ್ತೆಯ ತಿರುವಿನಲ್ಲಿ ಮಾವನದೊಂದು ಶೆಡ್ಡು. ಒಕ್ಕಣೆ ಯಂತ್ರ ಇಟ್ಟಿದ್ದರು. ಯಂತ್ರ ಮಾರಿದ ಮೇಲೆ ಖಾಲಿ. ಎತ್ತರದ ತಗಡಿನ ಚಾವಣಿ, ಲಾರಿ ಕೂಡ ಒಳಗೆ ಹೋಗುವಷ್ಟು ಅಗಲದ ಬಾಗಿಲು, ಮುಂದೆ ನಾಲ್ಕು ಗಾಡಿ ನಿಲ್ಲುವ ಜಾಗ. ಗ್ಯಾರೇಜಿಗೆ ಅದಕ್ಕಿಂತ ಒಳ್ಳೆಯ ಜಾಗ ಸುತ್ತಮುತ್ತ ಇಲ್ಲ. "ಇಬ್ಬರೂ ಬನ್ನಿ, ಯಾರಿಗೆ ಅಂತ ಹೇಳ್ಬಿಡ್ತೀನಿ. ಸುಮ್ನೆ ಇಲಿ ಬಾವಲಿಗಳಿಗೆ ಯಾಕೆ?" ಅಂದಿದ್ದರು ಮಾವ. ಇಪ್ಪತ್ತೆರಡು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ಬೇರೆಯವರ ಹೆಸರಿನ ಬೋರ್ಡಿನ ಕೆಳಗೆ ದುಡಿದ ಮೇಸ್ತ್ರಿಗೆ ಆ ಶೆಡ್ಡು ಕನಸಿನಲ್ಲೂ ಬರತೊಡಗಿತ್ತು.

ಹಾಗಿರುವಾಗ ಈ ಕಿರಿಚು. ದೇವರೇ ಕಳಿಸಿದ ಹಾಗೆ.

ಕಾರು ಒಂದು ಸುತ್ತು ಹೋಗಿ ಕಿರಿಚುತ್ತಲೇ ಅಂಗಳಕ್ಕೆ ಬಂತು. ಮಾವ ಇಳಿದು ಬಾಗಿಲು ಹಾಕಿದರು.

"ಕೇಳಿದ್ರಲ್ಲ? ಹಾಕಿದ ಮಾರನೇ ದಿನದಿಂದ ಹೀಗೇ. ಸಂತೆಗೆ ಹೋದ್ರೆ ಜನ ತಿರುಗಿ ತಿರುಗಿ ನೋಡ್ತಾರೆ. ನಿನ್ನೆ ಒಬ್ಬ, 'ಏನು ಯಜಮಾನ್ರೇ, ಹಂದಿಮರಿ ಮಾರೋಕೆ ತಂದ್ರಾ' ಅಂದ."

ಚಿಕ್ಕಳಿಯ ನಗದೆ ಚಕ್ರಗಳನ್ನೇ ನೋಡುತ್ತಿದ್ದ. "ಹೊಸ ಪ್ಯಾಡು ನಾಲ್ಕು ದಿನ ಸದ್ದು ಮಾಡುತ್ತೆ, ಆಮೇಲೆ ಕೂತ್ಕೊಳ್ಳುತ್ತೆ ಅಂದ್ಕೊಂಡಿದ್ದೆ ಮಾವ. ಕಮ್ಮಿ ಆಗಿಲ್ಲ. ಅಣ್ಣ ಒಂದ್ಸಲ ನೋಡ್ಲಿ."

"ನೋಡೋಣ, ನೋಡೋಣ," ಎಂದ ಮೇಸ್ತ್ರಿ. ದನಿಯಲ್ಲಿ ಸಕ್ಕರೆ ಕರಗಿತ್ತು. "ಪ್ಯಾಡು ಎಲ್ಲಿ ತಗೊಂಡೆ? ಅಗ್ಗದ್ದೇನಾದ್ರೂ?"

"ಇಲ್ಲ ಅಣ್ಣ, ನಿಮ್ಮ ಗ್ಯಾರೇಜಿನವರು ತಗೊಳ್ತಾರಲ್ಲ, ಅದೇ ಅಂಗಡಿ. ಅದೇ ಕಂಪನಿ."

ಮೇಸ್ತ್ರಿ ಚಾಲಕನ ಜಾಗದಲ್ಲಿ ಕೂತ. ಚಿಕ್ಕಳಿಯ ಪಕ್ಕದಲ್ಲಿ ಕೂತ. ಮಾವನ ತೋಟದ ಉದ್ದಕ್ಕೂ ಕಲ್ಲಿನ ಗೋಡೆಯಿದೆ. ಸದ್ದು ಗೋಡೆಗೆ ಬಡಿದು ವಾಪಸು ಬಂದರೆ ಯಾವ ಚಕ್ರದ್ದೆಂದು ತಿಳಿಯುತ್ತದೆ. ಕಿಟಕಿ ಇಳಿಸಿ, ಗೋಡೆಯನ್ನು ಎಡಕ್ಕೆ ಇಟ್ಟುಕೊಂಡು ಸಾವಕಾಶವಾಗಿ ಹೋದ. ಸದ್ದು ಕಿವಿಗೆ ರಾಚಿತು. ತಿರುಗಿಸಿಕೊಂಡು ಗೋಡೆಯನ್ನು ಬಲಕ್ಕೆ ಇಟ್ಟುಕೊಂಡು ಬಂದ. ಸದ್ದು ಮಂಕಾಯಿತು. "ಎಡ ಮುಂದಿನದು," ಎಂದ. ಚಿಕ್ಕಳಿಯ ತಲೆಯಾಡಿಸಿದ. ಗೋಡೆಯ ಉಪಾಯ ಅವನಿಗೆ ಗೊತ್ತಿರಲಿಲ್ಲವೆಂದು ಮುಖವೇ ಹೇಳಿತು. ಮೇಸ್ತ್ರಿಗೆ ಇನ್ನೊಂದು ಗುಟುಕು ಚಹಾ ಕುಡಿದಂತಾಯಿತು.

ಆಮೇಲೆ ಬ್ರೇಕನ್ನು ಹಗುರಾಗಿ, ಹೆಬ್ಬೆರಳಿನಿಂದ ಒತ್ತಿದಷ್ಟೇ ಒತ್ತಿದ. ಸದ್ದು ನಿಂತಿತು. ಕಾಲು ತೆಗೆದ. ಸದ್ದು ಮತ್ತೆ ಶುರು. ಒತ್ತಿದ, ನಿಂತಿತು. ಬಿಟ್ಟ, ಕಿರಿಚಿತು.

ಮೇಸ್ತ್ರಿಯ ಮುಖ ಅಲ್ಲಿಂದಲೇ ಸಣ್ಣದಾಗತೊಡಗಿತು. ಪ್ಯಾಡು ಕೆಟ್ಟದ್ದಾಗಿದ್ದರೆ, ಮೈಯಲ್ಲಿ ಎಣ್ಣೆ ಹಿಡಿದಿದ್ದರೆ, ತಿರುವುಮುರುವಾಗಿ ಕೂತಿದ್ದರೆ, ಒತ್ತಿದಾಗ ಕಿರಿಚಬೇಕು. ಇದು ಒತ್ತದೇ ಇದ್ದಾಗ ಕಿರಿಚುತ್ತದೆ. ಅಂದರೆ ಪ್ಯಾಡು, ಚಕ್ರದೊಡನೆ ತಿರುಗುವ ಡಿಸ್ಕನ್ನು ಬಿಟ್ಟು ದೂರ ಸರಿಯುತ್ತಿಲ್ಲ. ಸದಾ ಒಂದು ತುದಿ ಸವರುತ್ತಲೇ ಇದೆ. ಯಾಕೆ ಸರಿಯುತ್ತಿಲ್ಲ? ಅದು ಬಿಚ್ಚಿ ನೋಡಿದರೆ ಗೊತ್ತಾಗಬೇಕು. ಆದರೆ 'ಪ್ಯಾಡೇ ಸರಿಯಿಲ್ಲ' ಎಂದು ಮಾವನ ಮುಂದೆ ಹೇಳಿ ಮುಗಿಸುವ ಮಾತು ಕೈತಪ್ಪಿತು.

ಅಂಗಳಕ್ಕೆ ಬಂದು ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿದ. ಬಲದ್ದು ಬೆಚ್ಚಗೆ. ಎಡದ್ದು, ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ಪಾತ್ರೆ.

"ಜಾಕಿ ಹಾಕು," ಎಂದ.

ಚಿಕ್ಕಳಿಯ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕಿ ಏರಿಸಿದ. ಚಕ್ರ ತಣ್ಣಗಾಗುವ ತನಕ ಕಾದು, ಬಿಚ್ಚಿ ಬದಿಗೆ ಮಲಗಿಸಿದ. ಅವನ ಪೆಟ್ಟಿಗೆ ತೆರೆದಾಗ ಮೇಸ್ತ್ರಿ ಓರೆಗಣ್ಣಿನಿಂದ ನೋಡಿದ. ಸ್ಪ್ಯಾನರುಗಳೆಲ್ಲ ಒಂದು ಬಟ್ಟೆಯ ಮಡಿಕೆಯಲ್ಲಿ, ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ. ಒಂದರ ಮೈಮೇಲೂ ಜಿಡ್ಡಿಲ್ಲ. ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಕೈಯಾಡಿಸಿ ಹುಡುಕಬೇಕು. 'ಕೆಲಸ ಇಲ್ಲದವನ ಪೆಟ್ಟಿಗೆ ಹೀಗೇ ಚೊಕ್ಕವಾಗಿರುತ್ತೆ,' ಎಂದುಕೊಂಡ. ಹಾಗಂದುಕೊಂಡರೂ ಕಣ್ಣು ಮತ್ತೆ ಅಲ್ಲಿಗೇ ಹೋಯಿತು.

ಮಣ್ಣಿನ ಮೇಲೆ ಗೋಣಿಚೀಲ ಹಾಸಿಕೊಂಡು ಮೇಸ್ತ್ರಿ ಚಕ್ರವಿದ್ದ ಜಾಗದಲ್ಲಿ ತಲೆ ತೂರಿಸಿದ. ಈಗ ಅವನಿಗೆ ಬೇಕಾದದ್ದು ಒಂದೇ ಒಂದು ತಪ್ಪು. ಸಣ್ಣದಾದರೂ ಸಾಕು. ಪ್ಯಾಡಿನ ಬದಿಯ ಕ್ಲಿಪ್ಪುಗಳನ್ನು ನೋಡಿದ: ಹೊಸವು, ಎರಡೂ ಗಟ್ಟಿಯಾಗಿ ಕೂತಿವೆ. ಸವೆತ ತಿಳಿಸುವ ನಾಲಿಗೆ ಇರುವ ಪ್ಯಾಡು ಒಳಗಡೆ ಇರಬೇಕು: ಒಳಗಡೆಯೇ ಇದೆ. ಡಿಸ್ಕಿನ ಹಿಂದಿನ ತಗಡು ಬಗ್ಗಿ ತಾಗುತ್ತಿದೆಯೇ ಎಂದು ಬೆರಳು ತೂರಿಸಿದ: ಸುತ್ತಲೂ ಸಮ ಸಂದು. ಚಕ್ರ ಕೂರುವ ಜಾಗದ ತುಕ್ಕನ್ನು ಕೂಡ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದಿದ್ದಾನೆ. ಪೇಟೆಯ ಗ್ಯಾರೇಜಿನಲ್ಲಿ ಅದನ್ನು ಯಾರು ಮಾಡುತ್ತಾರೆ? ದಿನಕ್ಕೆ ಏಳು ಗಾಡಿ ಇಳಿಸಬೇಕಾದವರಿಗೆ ಅಷ್ಟು ಪುರುಸೊತ್ತೆಲ್ಲಿ? ಮೇಸ್ತ್ರಿ ಉಜ್ಜಿದ್ದು ಯಾವ ಕಾಲದಲ್ಲೋ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಬೈಯಲು ಬಾಯಿ ತೆರೆದುಕೊಂಡು ಹೋದವನಿಗೆ ಎಲ್ಲೆಲ್ಲೂ ತಾನು ಬಿಟ್ಟುಬಿಟ್ಟ ಒಳ್ಳೆಯ ಅಭ್ಯಾಸಗಳೇ ಎದುರಾದವು. ಗೋಣಿಚೀಲದ ಕೆಳಗಿನ ಕಲ್ಲೊಂದು ಪಕ್ಕೆಗೆ ಒತ್ತುತ್ತಿತ್ತು. ಅದನ್ನೂ ಅವನೇ ಇಟ್ಟನೇನೋ ಎಂಬಷ್ಟು ಸಿಟ್ಟು ಬಂತು.

"ಏನಾದ್ರೂ ಕಾಣ್ತಾ ಅಣ್ಣ?"

"ತಡಿಯಪ್ಪ. ಮದುವೆಗಂಡಿನ ಹಾಗೆ ಅವಸರ ಮಾಡ್ಬೇಡ."

ಅತ್ತೆ ಜಗಲಿಯಿಂದ ನಕ್ಕರು. ಮೇಸ್ತ್ರಿ ಡಿಸ್ಕನ್ನು ಕೈಯಲ್ಲಿ ತಿರುಗಿಸಿದ. ಬಿಗಿ. ಎರಡು ಕೈ ಹಾಕಿ ತಿರುಗಿಸಿದರೆ ಮೇಲ್ಭಾಗದಲ್ಲಿ ಉಜ್ಜುತ್ತಾ ಮೆಲ್ಲಗೆ ಮುಲುಗಿತು. ಎರಡು ಪ್ಯಾಡುಗಳನ್ನೂ ತಬ್ಬಿ ಹಿಡಿದಿರುವ ಕ್ಯಾಲಿಪರ್ ಎಂಬ ಕಬ್ಬಿಣದ ಮುಷ್ಟಿ ಇರುತ್ತದಲ್ಲ, ಅದು ಮೇಲೊಂದು ಕೆಳಗೊಂದು ಪಿನ್ನಿನ ಮೇಲೆ ಒಳಗೂ ಹೊರಗೂ ಜಾರಾಡುತ್ತಿರಬೇಕು. ಮೇಸ್ತ್ರಿ ಅದನ್ನು ಹಿಡಿದು ಅಲುಗಿಸಿದ. ಕೆಳಗೆ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಮೇಲೆ ಅಲುಗಲಿಲ್ಲ. ಮತ್ತೊಮ್ಮೆ ಎಳೆದ. ಗೋಡೆಗೆ ಹೊಡೆದ ಮೊಳೆ.

ಅವನ ಎದೆ ಕುಣಿಯಿತು. ಸಿಕ್ಕಿತು!

"ಮೇಲಿನ ಪಿನ್ನು ಬಿಚ್ಚಲಿಲ್ವಾ ನೀನು?"

"ಇಲ್ಲ ಅಣ್ಣ. ಕೆಳಗಿಂದು ಬಿಚ್ಚಿ, ಕ್ಲೀನ್ ಮಾಡಿ, ಗ್ರೀಸು ಹಾಕ್ದೆ. ಕ್ಯಾಲಿಪರನ್ನ ಮೇಲಕ್ಕೆ ಮಡಚಿ ಪ್ಯಾಡು ಕೂರಿಸ್ದೆ. ಇಳಿಸೋವಾಗ ಸ್ವಲ್ಪ ಬಿಗಿ ಅನ್ನಿಸ್ತು."

"ಬಿಗಿ ಅನ್ನಿಸ್ತು! ಅನ್ನಿಸಿದ ಮೇಲೆ ಬಿಚ್ಚಿ ನೋಡ್ಬೇಕೋ ಬೇಡ್ವೋ? ಎರಡು ಪಿನ್ನು ಇದ್ರೆ ಎರಡನ್ನೂ ನೋಡ್ಬೇಕು. ಇದು ಮೊದಲನೇ ಪಾಠ." ಮೇಸ್ತ್ರಿ ದನಿಯನ್ನು ಜಗಲಿಗೆ ಕೇಳುವಷ್ಟು ಏರಿಸಿದ್ದ.

ಚಿಕ್ಕಳಿಯ ಕುಕ್ಕರುಗಾಲಲ್ಲಿ ಕೂತು, ಬೆರಳು ಚಾಚಿ ತೋರಿಸಿದ. "ಅದರ ಮೇಲೆ ನಿಮ್ಮ ಚುಕ್ಕೆ ಇತ್ತಲ್ಲ ಅಣ್ಣ. ಅದಕ್ಕೇ ಮುಟ್ಟಲಿಲ್ಲ."

ಮೇಲಿನ ಬೋಲ್ಟಿನ ತಲೆಯ ಮೇಲೆ ಹಳದಿ ಬಣ್ಣದ ಒಂದು ಚುಕ್ಕೆ. ಮಣ್ಣು ಮೆತ್ತಿ ಮಾಸಿದ್ದರೂ ಕಾಣುತ್ತಿತ್ತು. ತಾನು ನೋಡಿ, ಗ್ರೀಸು ಹಾಕಿ, ಬಿಗಿ ಮಾಡಿದ ಬೋಲ್ಟಿಗೆ ಹಳದಿ ಚುಕ್ಕೆಯಿಡುವುದು ಮೇಸ್ತ್ರಿಯ ಪದ್ಧತಿ. ಗ್ಯಾರೇಜಿನಲ್ಲಿ ಆ ಚುಕ್ಕೆಯಿದ್ದ ಬೋಲ್ಟಿಗೆ ಬೇರೆ ಕೆಲಸಗಾರರು ಸ್ಪ್ಯಾನರು ಹಾಕುವುದಿಲ್ಲ. ಹಾಕಿದರೆ ಮೇಸ್ತ್ರಿ ಮೂರು ದಿನ ಮಾತು ಬಿಡುತ್ತಾನೆ. ಅದನ್ನು ಈ ಮನೆಯ ಊಟದ ಮನೆಯಲ್ಲಿ ಅವನೇ ಎಷ್ಟೋ ಸಲ ಹೇಳಿಕೊಂಡು ನಗಿಸಿದ್ದಾನೆ.

"ಎರಡು ವರ್ಷ ಆಗಿರ್ಬೇಕು ನೀವು ಹಾಕಿದ್ದು," ಎಂದ ಚಿಕ್ಕಳಿಯ. "ಹಳೇ ಪ್ಯಾಡು ಇಟ್ಟಿದೀನಿ ಅಣ್ಣ, ಒಂದು ಸಂಶಯ ಇತ್ತು, ನಿಮ್ಮನ್ನ ಕೇಳೋಣ ಅಂತ. ತರ್ತೀನಿ, ಹಿತ್ತಲಲ್ಲಿದೆ." ಎದ್ದು ಹೋದ.

ಮೇಸ್ತ್ರಿ ಬೋಲ್ಟು ಬಿಚ್ಚಿದ. ಪಿನ್ನು ಬರಲಿಲ್ಲ. ಇಕ್ಕಳದಲ್ಲಿ ಹಿಡಿದು ತಿರುಚಿ ತಿರುಚಿ ಎಳೆದ. ಬಾಟಲಿಯ ಬಿರಡೆ ಕಿತ್ತ ಹಾಗೆ ಪಟ್ಟೆಂದು ಕೈಗೆ ಬಂತು. ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿದ.

ಪಿನ್ನಿನ ತುದಿಯ ರಬ್ಬರು ನೀರಲ್ಲಿ ನೆನೆದ ಕಾಳಿನಂತೆ ಊದಿಕೊಂಡಿತ್ತು. ಸುತ್ತಲೂ ಕಪ್ಪು, ದಪ್ಪ, ಅಂಟಂಟು ಗ್ರೀಸು. ಮೂಗಿನ ಹತ್ತಿರ ಹಿಡಿಯಬೇಕಾಗಿಯೂ ಇರಲಿಲ್ಲ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸು ಅದು. ರಬ್ಬರಿಗೆ ತಾಗಿದರೆ ರಬ್ಬರು ಊದುತ್ತದೆ; ಪಿನ್ನಿಗೆ ಬೇರೆಯದೇ ಗ್ರೀಸು ಹಾಕಬೇಕು. ಇದು ಎರಡನೇ ಪಾಠ.

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಮಾವನ ಚಿಕ್ಕ ಮಗಳಿಗೆ ಗಂಡು ಗೊತ್ತಾದ ವಾರ. ಗಂಡಿನ ಮನೆಯವರನ್ನು ಕರೆತರಲು ಮಾವನಿಗೆ ಕಾರು ಬೇಕಿತ್ತು. 'ಬೇಗ ಮಾಡಿಕೊಡಿ, ಅವರು ಕಾಯ್ತಿರ್ತಾರೆ,' ಎಂದು ಮಾವ ಎರಡು ಸಲ ಬಂದು ನಿಂತಿದ್ದರು. ಹುಡುಗನೂ ಮೆಕ್ಯಾನಿಕ್ಕಂತೆ, ಕೈ ಚುರುಕಂತೆ, ಎಂದು ಅತ್ತೆ ಸಂಭ್ರಮದಿಂದ ಹೇಳುತ್ತಲೇ ಇದ್ದರು. ಪಿನ್ನಿನ ಗ್ರೀಸು ಮುಗಿದಿತ್ತು. ಅಂಗಡಿ ಅರ್ಧ ಮೈಲಿ ದೂರ. 'ಯಾರಿಗಾಗಿ ಓಡಬೇಕು?' ಎಂದುಕೊಂಡು ಕೈಗೆ ಸಿಕ್ಕ ಡಬ್ಬಿಯಿಂದ ಬೆರಳಲ್ಲಿ ತೆಗೆದು ಬಳಿದಿದ್ದ. ಬಳಿದು, ಬಿಗಿ ಮಾಡಿ, ಚುಕ್ಕೆಯಿಟ್ಟಿದ್ದ.

ಹಿತ್ತಲ ಬಾಗಿಲ ಸದ್ದಾಯಿತು. ಮೇಸ್ತ್ರಿಯ ಕೈ ತಾನಾಗಿ ಬಟ್ಟೆಗೆ ಹೋಯಿತು. ಪಿನ್ನನ್ನು ಒರೆಸಿದ. ಕಪ್ಪು ಗ್ರೀಸೆಲ್ಲ ಬಟ್ಟೆಗೆ ಇಳಿಯಿತು. ಊದಿದ ರಬ್ಬರನ್ನು ಉಗುರಿನಿಂದ ಕಿತ್ತು ಅದೇ ಬಟ್ಟೆಯೊಳಗೆ ಸುತ್ತಿ ಮೊಣಕಾಲಿನ ಕೆಳಗೆ ಒತ್ತಿಕೊಂಡ. ಚಿಕ್ಕಳಿಯ ಬಂದು ನಿಂತಾಗ ಅವನ ಕೈಯಲ್ಲಿದ್ದದ್ದು ಬರಿಯ ಕಬ್ಬಿಣದ ಕಡ್ಡಿ.

"ಹಿಡಿದುಬಿಟ್ಟಿತ್ತು," ಎಂದ ಮೇಸ್ತ್ರಿ. "ಒಣಗಿ."

ಅದು ಪೂರ್ತಿ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಚಿಕ್ಕಳಿಯ ಎರಡು ಹಳೆಯ ಪ್ಯಾಡುಗಳನ್ನು ಅಂಗೈ ಮೇಲಿಟ್ಟು ತೋರಿಸಿದ. ಒಂದು ಕಬ್ಬಿಣ ಕಾಣುವಷ್ಟು ಸವೆದಿತ್ತು. ಇನ್ನೊಂದು ಅರ್ಧವೂ ಸವೆದಿರಲಿಲ್ಲ. "ಇದು ಯಾಕೆ ಹೀಗೆ ಅಂತ ಕೇಳ್ಬೇಕಿತ್ತು ಅಣ್ಣ. ಈಗ ಗೊತ್ತಾಯ್ತು. ಮೇಲೆ ಹಿಡ್ಕೊಂಡಿದ್ದಕ್ಕೆ ಒಂದೇ ಕಡೆ ಭಾರ ಬಿದ್ದಿದೆ. ಸವೆದ ಪ್ಯಾಡಲ್ಲಿ ಸಂದಿತ್ತು, ಈ ಕಿರಿಚು ಬರ್ಲಿಲ್ಲ. ಹೊಸದು ದಪ್ಪ ಇದೆ, ಸರಿಯೋಕೆ ಜಾಗ ಇಲ್ದೆ ಉಜ್ಜಿದೆ. ಅಲ್ವಾ?"

"ಹೂಂ." ಇಷ್ಟು ಬೇಗ, ಇಷ್ಟು ಸಲೀಸಾಗಿ ಅವನೇ ಬಿಡಿಸಿಬಿಟ್ಟನಲ್ಲ ಎಂದು ಮೇಸ್ತ್ರಿಗೆ ಇನ್ನೊಂದು ಮುಳ್ಳು.

"ಪ್ಯಾಡಿನ ಜೊತೆ ಬಂದ ಪೊಟ್ಟಣದಲ್ಲಿ ಮೇಲಿನ ಪಿನ್ನಿನ ರಬ್ಬರೂ ಇತ್ತು, ಹಾಗೇ ಇಟ್ಟಿದೀನಿ. ಗ್ರೀಸೂ ಇದೆ." ಪೆಟ್ಟಿಗೆಯಿಂದ ಒಂದು ಚಿಕ್ಕ ಟ್ಯೂಬು ತೆಗೆದ. "ರಬ್ಬರು ಇದ್ದ ಕಡೆ ಇದನ್ನೇ ಹಾಕ್ಬೇಕು ಅಂತ ನೀವೇ ಹೇಳಿದ್ರಲ್ಲ ಒಂದ್ಸಲ. ಆವತ್ತಿಂದ ಇದಿಲ್ದೆ ಪೆಟ್ಟಿಗೆ ಮುಚ್ಚಲ್ಲ ನಾನು."

ಮೇಸ್ತ್ರಿ ಅವನ ಮುಖ ನೋಡಿದ. ಅಲ್ಲಿ ಕೊಂಕು ಹುಡುಕಿದ. ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ.

ಪಿನ್ನು ಕೂರುವ ತೂತನ್ನು ಉಜ್ಜಿ ತೊಳೆದು, ಹೊಸ ರಬ್ಬರು ಹಾಕಿ, ತೆಳ್ಳಗೆ ಗ್ರೀಸು ಸವರಿ ಕೂರಿಸಿದರು. ಈಗ ಕ್ಯಾಲಿಪರ್ ಮೇಲೂ ಕೆಳಗೂ ಒಂದೇ ಸಮ ಜಾರಿತು. ಅಭ್ಯಾಸಬಲದಿಂದ ಮೇಸ್ತ್ರಿಯ ಕೈ ತನ್ನ ಪೆಟ್ಟಿಗೆಯಲ್ಲಿದ್ದ ಹಳದಿ ಬಣ್ಣದ ಶೀಸೆಯನ್ನು ಹುಡುಕಿತು. ಸಿಕ್ಕಿತು. ಮುಚ್ಚಳಕ್ಕೆ ಬೆರಳಿಟ್ಟವನು ಹಾಗೇ ಬಿಟ್ಟ.

ಬಲಗಡೆಯದನ್ನೂ ಬಿಚ್ಚಿ ಹಾಗೆಯೇ ಮಾಡಿದರು. ಅದೂ ಅರ್ಧ ಹಿಡಿದಿತ್ತು, ಅಲ್ಲೂ ಅದೇ ಕಪ್ಪು. ಮೇಸ್ತ್ರಿ ಬೆನ್ನು ಅಡ್ಡ ಕೊಟ್ಟು ಒರೆಸಿ, ಬಟ್ಟೆಯನ್ನು ಗೋಣಿಚೀಲದ ಕೆಳಗೆ ತೂರಿಸಿದ. ಮಾವ ಕಾರು ತೆಗೆದುಕೊಂಡು ತಿರುವಿನ ತನಕ ಹೋಗಿ ಬಂದರು. ಕೋಳಿಗಳು ತಲೆಯೆತ್ತಲಿಲ್ಲ. ಟೈರಿನ ಕೆಳಗೆ ಜಲ್ಲಿ ಕರಕರಗುಟ್ಟಿದ್ದು ಬಿಟ್ಟರೆ ಇನ್ನೇನೂ ಕೇಳಿಸಲಿಲ್ಲ.

"ಹಾಂ! ಇದು ಕಾರು," ಎಂದು ಮಾವ ಇಳಿದು ಜಗಲಿಯ ಮೆಟ್ಟಿಲ ಮೇಲೆ ಕೂತರು. ಅತ್ತೆ, ಮೇಸ್ತ್ರಿಯ ಹೆಂಡತಿ, ಅವಳ ತಂಗಿ ಮೂವರೂ ಬಾಗಿಲಿಗೆ ಬಂದು ನಿಂತರು. "ಏನಾಗಿತ್ತು ಹೇಳಿ."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಿದ್ದ. 'ಪಿನ್ನು ಹಿಡ್ಕೊಂಡಿತ್ತು, ಇವನು ನೋಡಿರಲಿಲ್ಲ' ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಅದನ್ನು ಆಡಿದರೆ ಶೆಡ್ಡಿನ ಬಾಗಿಲು ಅರ್ಧ ತೆರೆದ ಹಾಗೆ. ಅವನು ಬಾಯಿ ಬಿಡುವ ಮುಂಚೆ ಚಿಕ್ಕಳಿಯ ಹೇಳಿದ:

"ನಂದೇ ತಪ್ಪು ಮಾವ. ಮೇಲಿನ ಪಿನ್ನು ಬಿಚ್ಚಿ ನೋಡ್ಬೇಕಿತ್ತು. ನೋಡ್ಲಿಲ್ಲ. ಅಣ್ಣ ಹಿಡಿದುಬಿಟ್ರು."

ಎಲ್ಲ ಸುಸೂತ್ರವಾಗಿ ಮುಗಿಯಿತು. ಮೇಸ್ತ್ರಿ ಬಾಯಿ ಹೊಲಸು ಮಾಡಿಕೊಳ್ಳಬೇಕಾಗಿಯೂ ಇರಲಿಲ್ಲ. ಆದರೆ ಮಾವ ಚಿಕ್ಕಳಿಯನ ಕಡೆ ತಿರುಗಿದರು. ಅವರ ಮುಖದಲ್ಲಿ ಬೈಗುಳವಿರಲಿಲ್ಲ. ಮಗು ಮೊದಲ ಸಲ ಸೈಕಲ್ ತುಳಿದಾಗ ನೋಡುವ ನೋಟವಿತ್ತು.

"ಬಿಡು ಮಗಾ. ಕೆಲಸ ಮಾಡೋರ ಕೈಯೇ ತಪ್ಪೋದು. ನಿನ್ನ ಜಾಗದಲ್ಲಿ ಬೇರೆ ಯಾರಾದ್ರೂ ಆಗಿದ್ರೆ ಪ್ಯಾಡು ಸರಿಯಿಲ್ಲ, ಅಂಗಡಿಯವನು ಮೋಸ ಮಾಡ್ದ ಅಂತಿದ್ರು. ಇಷ್ಟು ಜನರ ಮುಂದೆ ಒಪ್ಕೊಂಡೆಯಲ್ಲ, ಅದು ದೊಡ್ಡದು."

ಅತ್ತೆ ತಲೆಯಾಡಿಸಿದರು. ತಂಗಿಯ ಮುಖ ಅರಳಿತು. ಮೇಸ್ತ್ರಿಯ ಹೆಂಡತಿ ಕೂಡ, "ಪಾಪ," ಅಂದಳು.

ಮೇಸ್ತ್ರಿಯ ಒಳಗೆ ಏನೋ ಧಗ್ಗೆಂದು ಹತ್ತಿಕೊಂಡಿತು. ತಪ್ಪು ಮಾಡಿದ್ದು ತಾನು. ಡಬ್ಬಿಗೆ ಬೆರಳು ಹಾಕಿದ್ದು ತಾನು, ಚುಕ್ಕೆಯಿಟ್ಟಿದ್ದು ತಾನು. ಆ ತಪ್ಪನ್ನು ಒಪ್ಪಿಕೊಂಡ ಹೊಗಳಿಕೆ ಮಾತ್ರ ಇವನ ತಟ್ಟೆಗೆ! ಮಗಾ ಅನ್ನಿಸಿಕೊಂಡದ್ದು ಸಾಲದೆ, ಹೊಸ ಪ್ಯಾಡು ಹಾಕಿದ್ದು ಸಾಲದೆ, ಈಗ ಒಳ್ಳೆಯವನು ಎಂಬುದನ್ನೂ ಇವನೇ ಹೊಡೆದುಕೊಂಡು ಹೋಗುತ್ತಾನೋ? ಅದೂ ತನ್ನ ಕೈಯಿಂದ ಆದ ತಪ್ಪಿನ ಮೇಲೆ?

"ಅವನದಲ್ಲ," ಎಂದ ಮೇಸ್ತ್ರಿ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಅವನ ತಪ್ಪಲ್ಲ ಮಾವ. ನಂದು."

ಎಲ್ಲರೂ ತಿರುಗಿದರು.

"ಎರಡು ವರ್ಷದ ಹಿಂದೆ ನಾನು ಹಾಕಿದ್ದು ತಪ್ಪು ಗ್ರೀಸು. ಗೊತ್ತಿದ್ದೂ ಹಾಕ್ದೆ. ಅವಸರಕ್ಕೆ. ರಬ್ಬರು ಊದಿ ಪಿನ್ನು ಹಿಡ್ಕೊಂಡಿದೆ. ನನ್ನ ಚುಕ್ಕೆ ಇದೆ ಅಂತ ಇವನು ಅದನ್ನ ಮುಟ್ಟಲಿಲ್ಲ. ಮುಟ್ಟಿದ್ರೆ ಅವತ್ತೇ ಗೊತ್ತಾಗ್ತಿತ್ತು." ಗೋಣಿಚೀಲದ ಕೆಳಗಿಂದ ಬಟ್ಟೆ ಎಳೆದು ಬಿಡಿಸಿ ತೋರಿಸಿದ. ಊದಿದ ರಬ್ಬರು ನೆಲಕ್ಕೆ ಬಿತ್ತು. "ನೋಡಿ. ಒರೆಸಿ ಮುಚ್ಚಿಟ್ಟಿದ್ದೆ."

ಮೇಸ್ತ್ರಿ ಕಾದ. ದೊಡ್ಡದು ಎಂದು ತನಗೂ ಅನ್ನುತ್ತಾರೆಂದು ಕಾದ. ಅದನ್ನು ಕಾಯುತ್ತಿದ್ದೇನೆಂದು ಗೊತ್ತಾಗಿ ಅವನಿಗೇ ನಾಚಿಕೆಯಾಯಿತು; ಆದರೂ ಕಾದ.

ಮಾವ ಬಗ್ಗಿ ರಬ್ಬರನ್ನು ಎತ್ತಿಕೊಂಡು, ಬೀಜ ಪರೀಕ್ಷೆ ಮಾಡುವವರಂತೆ ಬೆರಳುಗಳ ನಡುವೆ ಹಿಸುಕಿ ನೋಡಿದರು.

"ಹೇಳಿದ್ದು ಒಳ್ಳೇದಾಯ್ತು," ಎಂದರು. "ನನ್ನ ಮನಸಲ್ಲಿ ಬೇರೆ ಇತ್ತು. ಶೆಡ್ಡು ನಿಮ್ಮ ಹೆಸರಿಗೇ ಇರ್ಲಿ, ನೀವು ಹಿರಿಯರು, ಇವನು ನಿಮ್ಮ ಕೈಕೆಳಗೆ ಇದ್ದು ಕಲೀಲಿ ಅಂತ. ಊಟ ಆದ್ಮೇಲೆ ಹೇಳೋಣ ಅಂತಿದ್ದೆ."

ಮೇಸ್ತ್ರಿಯ ಕಣ್ಣು ರಸ್ತೆಯ ತಿರುವಿನ ಕಡೆ ಹೋಯಿತು.

"ಈಗ ಅದು ಬೇಡ ಅನ್ನಿಸ್ತಿದೆ. ನೀವು ಗ್ರೀಸು ತಪ್ಪು ಹಾಕಿದ್ರಿ ಅಂತ ಅಲ್ಲ. ಅದು ಯಾರಿಗೂ ಆಗುತ್ತೆ. ಬಿಗಿ ಇದೆ ಅಂತ ಇವನ ಕೈಗೆ ಗೊತ್ತಾಗಿದೆ, ಆದ್ರೂ ನಿಮ್ಮ ಗುರುತು ಕಂಡು ಕೈ ಹಿಂದೆ ತಗೊಂಡಿದ್ದಾನೆ. ಬ್ರೇಕು ಅದು. ನಾನು ಗುಡ್ಡ ಇಳೀತೀನಿ ಅದರಲ್ಲಿ. ನಿಮ್ಮ ಜೊತೆ ಒಂದೇ ಸೂರಿನಡಿ ಇದ್ರೆ ಇವನು ಸಾಯೋವರೆಗೂ ಹಾಗೇ ಕೈ ಹಿಂದೆ ತಗೋತಾನೆ. ಬೇರೆ ನಿಲ್ಲಲಿ. ಶೆಡ್ಡು ಇವನಿಗೆ."

"ಮಾವ, ಅಣ್ಣ ಇರೋವಾಗ ನನಗೆ—"

"ನೀನು ಸುಮ್ನಿರು ಮಗಾ." ಮಾವ ಮೇಸ್ತ್ರಿಯತ್ತ ತಿರುಗಿದರು. "ನಿಮಗೆ ಪೇಟೇಲಿ ಹೆಸರಿದೆ, ಜನ ಇದ್ದಾರೆ. ನೀವು ಎಲ್ಲಿ ಕೂತ್ರೂ ಗಾಡಿ ಬರುತ್ತೆ. ತಪ್ಪು ತಿಳ್ಕೋಬೇಡಿ. ಬನ್ನಿ, ಕೈ ತೊಳ್ಕೊಳ್ಳಿ, ಊಟಕ್ಕೆ ಕೂರೋಣ."

ಊಟಕ್ಕೆ ಕೂತರು. ಮೇಸ್ತ್ರಿಯ ತಟ್ಟೆಗೆ ಅತ್ತೆ ಎರಡು ಸಲ ಬಡಿಸಿದರು, ಅವನು ಬೇಡವೆನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಒಂದು ಗಂಟೆ ಇದ್ದಿದ್ದರೆ ಆ ಶೆಡ್ಡು ತನ್ನದಾಗುತ್ತಿತ್ತು ಎಂಬುದನ್ನು ತುತ್ತು ತುತ್ತಿಗೂ ಅಗಿದ.

ಮೇಸ್ತ್ರಿ ಹೊರಟಾಗ ಚಿಕ್ಕಳಿಯ ಅವನ ಬೈಕಿನ ತನಕ ಬಂದ.

"ಅಣ್ಣ, ಬಟ್ಟೆ ನಾನು ನೋಡಿದ್ದೆ. ಮೊಣಕಾಲ ಕೆಳಗೆ."

ಮೇಸ್ತ್ರಿ ಕೀಲಿ ತಿರುಗಿಸುತ್ತಿದ್ದವನು ನಿಂತ. "ನೋಡಿಯೂ ಯಾಕೆ 'ನಂದೇ ತಪ್ಪು' ಅಂದೆ?"

ಚಿಕ್ಕಳಿಯ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದ. "ನೀವು ಹೇಳಲ್ಲ ಅಂದ್ಕೊಂಡೆ. ನಿಮಗೆ ಕಷ್ಟ ಆಗುತ್ತೆ ಅಂತ."

ಮೇಸ್ತ್ರಿ ಕೀಲಿ ತಿರುಗಿಸಿದ. "ಹುಷಾರು," ಎಂದಷ್ಟೇ ಹೇಳಿ ಹೊರಟ. ಹೆಂಡತಿ ಹಿಂದೆ ಕೂತಿದ್ದಳು. ಗೋಡೆ ಮುಗಿಯಿತು, ತೋಟ ಮುಗಿಯಿತು. ತಿರುವಿನಲ್ಲಿ ಬೈಕು ಯಾಕೋ ನಿಧಾನವಾಯಿತು. ಶೆಡ್ಡಿನ ತಗಡು ಮಧ್ಯಾಹ್ನದ ಬಿಸಿಲಿಗೆ ಹೊಳೆಯುತ್ತಿತ್ತು.

"ನಿಲ್ಸಿ," ಎಂದಳು ಹೆಂಡತಿ. ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನೇ ನೋಡಿದಳು. "ಬೇಜಾರಾ?"

"ಬೇಜಾರೇನಿಲ್ಲ."

"ಮತ್ತೆ?"

ಮೇಸ್ತ್ರಿ ಹ್ಯಾಂಡಲನ್ನು ಹಿಡಿದುಕೊಂಡೇ ಇದ್ದ. "ಹೊಟ್ಟೆ ಉರೀತಿದೆ ಕಣೇ."

ಅವಳು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ದೇವರೇ, ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ? ಅವನ ಮಾತು ಬಂದಾಗೆಲ್ಲ ತಟ್ಟೇಲಿ ಬೆರಳಲ್ಲಿ ಗೀಚ್ತಾ ಕೂರ್ತೀರಿ. ನನಗೇನು ಕಣ್ಣಿಲ್ವಾ?"

"ಗೊತ್ತಿದ್ದೂ ಸುಮ್ನಿದ್ದೆಯಾ?"

"ಏನು ಹೇಳ್ಲಿ? ನನಗೂ ಉರೀತಿತ್ತಲ್ಲ." ಅವಳು ಶೆಡ್ಡಿನ ಅಗಲದ ಬಾಗಿಲನ್ನು ದಿಟ್ಟಿಸಿದಳು. "ಚಿಕ್ಕಂದಿಂದ ಅಪ್ಪನಿಗೆ ಅವಳೇ. ಬಸ್ಸಲ್ಲಿ ಕಿಟಕಿ ಪಕ್ಕ ಅವಳಿಗೆ. ಹೊಸ ಹೊದಿಕೆ ಬಂದ್ರೆ ಅವಳಿಗೆ. ನೀನು ದೊಡ್ಡವಳು, ಬಿಟ್ಕೊಡು. ಮೊದಲು ಹುಟ್ಟಿದ್ದೇ ತಪ್ಪಾಗಿಹೋಯ್ತು. ಇವತ್ತು ಶೆಡ್ಡು ಅಂದಾಗ ಅವಳ ಮುಖ ನೋಡಿದ್ರಾ? ಹೋಗಿ ಚಿವುಟೋಣ ಅನ್ನಿಸ್ತು."

"ಚಿವುಟಬೇಕಿತ್ತು."

"ಅಡುಗೆಮನೇಲಿ ಚಿವುಟ್ದೆ. ತಮಾಷೆ ಮಾಡ್ದ ಹಾಗೆ. ಸ್ವಲ್ಪ ಜೋರಾಗೇ ಆಯ್ತು."

ಈ ಸಲ ಮೇಸ್ತ್ರಿಗೂ ನಗು ತಡೆಯಲಾಗಲಿಲ್ಲ. ನಕ್ಕರೂ ಉರಿ ಹೋಗಿರಲಿಲ್ಲ. ಆದರೆ ಒಬ್ಬನೇ ಹೊತ್ತಿದ್ದ ಮೂಟೆಗೆ ಇನ್ನೊಂದು ಕಡೆಯಿಂದ ಯಾರೋ ಕೈ ಕೊಟ್ಟ ಹಾಗಿತ್ತು.

"ಹೊರಡಿ ಹೊರಡಿ," ಎಂದು ಅವಳು ಬೈಕು ಹತ್ತಿ ಅವನ ಭುಜ ತಟ್ಟಿದಳು. "ಅವರು ಶೆಡ್ಡು ನೋಡೋಕೆ ಅಂತ ಈಗ ಬಂದೇ ಬರ್ತಾರೆ. ಇಲ್ಲಿ ನಿಂತಿದ್ದು ಕಂಡ್ರೆ ಏನಂದ್ಕೊಂಡಾರು?"

"ಉರ್ಕೊಳ್ತಿದ್ದಾರೆ ಅಂದ್ಕೊಳ್ತಾರೆ."

"ಅದಕ್ಕೇ ಹೇಳಿದ್ದು. ಬೇಗ."